ಲಿಂಗ ಮುಟ್ಟಿ ಕೊಟ್ಟ ಜಾಗ

ಬೇಲದಹುಂಡಿ, ಗುಂಡ್ಲುಪೇಟೆ ತಾಲ್ಲೂಕು
೧೪ ಫೆಬ್ರವರಿ ೨೦೨೩

ಪ್ರಿಯ ಸುಧಾ,

ಲೈಬ್ರರಿಗೆ ಬರುವ ಪೇಪರುಗಳಲ್ಲೆಲ್ಲ ನಿನ್ನ ಫೋಟೊ ಬಂದಿದೆ. 'ಬಡವರ ಮಣ್ಣಿನ ಮನೆಗೆ ಜಗತ್ತಿನ ಪ್ರಶಸ್ತಿ' ಅಂತ ತಲೆಬರಹ. ಅವ್ವನಿಗೆ ಓದಿ ಹೇಳಿದೆ. "ಬಡವ್ರ ಮನೆ ಅಂತ ಯಾಕ್ಲಾ ಆಕವ್ರೆ? ರಾಚಮ್ಮನ ಮನೆ ಅಂತ ಆಕುದ್ರೆ ಏನಾಗ್ತಿತ್ತು?" ಅಂದಳು. ನಿನ್ನ ಪ್ರಶಸ್ತಿಯಲ್ಲಿ ಅವಳಿಗೂ ಒಂದು ಪಾಲು ಬೇಕಂತೆ.

ಚಾಮರಾಜನಗರದ ಕಾಲೇಜಿನಲ್ಲಿ ನನ್ನ ಲೆಕ್ಕ ನೋಡಿ ಕಾಪಿ ಹೊಡೆಯುತ್ತಿದ್ದ ಹುಡುಗಿ ಇವತ್ತು ನೈರೋಬಿಯಲ್ಲಿ ಕೂತು ಪ್ರಪಂಚದ ಬಡವರಿಗೆಲ್ಲ ಮನೆ, ಜಮೀನಿನ ಹಕ್ಕು ಅಂತ ಯೋಜನೆ ಹಾಕುತ್ತಾಳೆ ಅಂದರೆ ನನಗೂ ಹೆಮ್ಮೆಯೇ. ನಾನೋ ಪಂಚಾಯಿತಿ ಲೈಬ್ರರಿಯಲ್ಲಿ ದೂಳು ಹೊಡೆಯುತ್ತಾ ಇದ್ದೇನೆ. ಇರಲಿ ಬಿಡು.

ನಿಮ್ಮ ಅಪ್ಪ ಶಿವರುದ್ರಸ್ವಾಮಿಯವರು ಎರಡೆಕರೆ ಬಿಟ್ಟುಕೊಟ್ಟು, ನೀನು ಬಿಸಿಲಲ್ಲಿ ನಿಂತು ಈ ಹತ್ತು ಮನೆ ಕಟ್ಟಿಸಿದಾಗ ಊರೆಲ್ಲ ನಕ್ಕಿತ್ತು. ಗಾರೆ ಹಚ್ಚದ ಗೋಡೆ ಒಂದು ಮಳೆಗಾಲ ತಡೆಯುವುದಿಲ್ಲ ಅಂದಿದ್ದರು. ಈಗ ಮಧ್ಯಾಹ್ನದ ಹೊತ್ತು ತಾರಸಿ ಮನೆಯವರೇ ನಮ್ಮ ಜಗಲಿಗೆ ಬಂದು ಮಲಗುತ್ತಾರೆ. ಮೊನ್ನೆ ಬೆಟ್ಟದ ಕಡೆಯಿಂದ ಆನೆಯೊಂದು ಬಂದು ಗೋಡೆ ಮೂಸಿ, ಏನೂ ಮಾಡದೆ ಹೋಯಿತು. ಮನೆ ತಂಪಾಗಿದೆ, ಗಟ್ಟಿಯಾಗಿದೆ. ಅವ್ವ ಒಳಗೆಲ್ಲ ಸಗಣಿ ಸಾರಿಸಿ ಕನ್ನಡಿ ಮಾಡಿಟ್ಟಿದ್ದಾಳೆ.

ಆದರೆ ಒಂದು ವಿಷಯ ಕೇಳಬೇಕು. ಖಾಸಗಿ ಜಮೀನಿನಲ್ಲಿ ದಾಖಲೆಯಿಲ್ಲದೆ ಮನೆ ಕಟ್ಟಿಕೊಂಡವರಿಗೆ ಸರ್ಕಾರ ಹಕ್ಕುಪತ್ರ ಕೊಡುತ್ತದಂತೆ. ಕಂದಾಯದವರು ಪಟ್ಟಿ ಮಾಡಲು ಬರುತ್ತಿದ್ದಾರೆ. ನಾವು ಸೇರೋಣವೇ? ಗೃಹಪ್ರವೇಶದ ದಿನ ಸ್ವಾಮಿಯವರು ಎಲ್ಲರೆದುರು ಕತ್ತಿನ ಲಿಂಗ ಮುಟ್ಟಿ "ಈ ಜಾಗ ನಿಮ್ದು" ಅಂದದ್ದು ನಿಜ. ಪತ್ರ ಮಾತ್ರ ಇವತ್ತಿಗೂ ಆಗಿಲ್ಲ. ನಿನ್ನ ಅಭಿಪ್ರಾಯ ಬರಿ.

ನಿಂಗರಾಜು


ನೈರೋಬಿ
೮ ಮಾರ್ಚ್ ೨೦೨೩

ಪ್ರಿಯ ನಿಂಗು,

ನಿನ್ನ ಕಾಗದ ಬಂದಾಗ ಮಹಿಳಾ ದಿನದ ಭಾಷಣಕ್ಕೆ ತಯಾರಾಗುತ್ತಿದ್ದೆ. ಮನೆ, ಜಾಗ ಹೆಣ್ಣಿನ ಹೆಸರಿನಲ್ಲಿದ್ದರೆ ಒಂದು ಸಂಸಾರ ಹೇಗೆ ತಲೆಯೆತ್ತುತ್ತದೆ ಅನ್ನುವುದೇ ವಿಷಯ. ನಿಮ್ಮ ಆನೆಯನ್ನೂ ಭಾಷಣಕ್ಕೆ ಸೇರಿಸಿದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೀಗೇ ಬರೆಯುತ್ತಿರು. ಫೋನಿನಲ್ಲಿ ನೀನು "ಹೂಂ, ಆಯ್ತು" ಅಂತ ಮುಗಿಸಿಬಿಡುತ್ತೀಯ, ಕಾಗದದಲ್ಲಿ ಮಾತ್ರ ಬಾಯಿ ಬಿಡುತ್ತೀಯ. ಅದೂ ಅಲ್ಲದೆ ಬೆಟ್ಟದ ಬುಡದಲ್ಲಿ ನಿಮಗೆ ಸಿಗ್ನಲ್ ಎಲ್ಲಿ ಸಿಗುತ್ತದೆ!

ಪಟ್ಟಿಗೆ ಮಾತ್ರ ಸೇರಬೇಡಿ. ಸೇರಿದರೆ ಅಪ್ಪನಿಗೆ ನೋಟಿಸ್ ಹೋಗುತ್ತದೆ, ನಿಮ್ಮ ಜಮೀನಿನಲ್ಲಿ ಇಂಥಿಂಥವರು ಮನೆ ಹಾಕಿಕೊಂಡಿದ್ದಾರೆ ಅಂತ. ಮನಸಾರೆ ಕೊಟ್ಟವರಿಗೆ ಕಿತ್ತುಕೊಂಡವರ ಲೆಕ್ಕದಲ್ಲಿ ನೋಟಿಸ್! ಈ ವಯಸ್ಸಿನಲ್ಲಿ ಅವರು ಅದನ್ನು ತಡೆದುಕೊಳ್ಳುವುದಿಲ್ಲ. ನಮ್ಮೂರು ಉಡಿಗಾಲದಲ್ಲಿ ನಾಲ್ಕು ಜನ ನಾಲ್ಕು ಮಾತಾಡುತ್ತಾರೆ.

ದೀಪಾವಳಿಗೆ ನಾನೇ ಬರುತ್ತೇನೆ. ಅಪ್ಪನನ್ನು ಗುಂಡ್ಲುಪೇಟೆಗೆ ಕರೆದುಕೊಂಡು ಬಂದು, ಹತ್ತೂ ಮನೆಯನ್ನು ಆಯಾ ಮನೆಯ ಹೆಂಗಸರ ಹೆಸರಿಗೆ ದಾನಪತ್ರ ಮಾಡಿಸುತ್ತೇನೆ. ನನ್ನ ಕೆಲಸವೇ ಇದಲ್ಲವೇನೋ? ನನ್ನ ಮೇಲೆ ಬಿಡು.

ನಿನ್ನ
ಸುಧಾ


ಬೇಲದಹುಂಡಿ
೨೦ ಏಪ್ರಿಲ್ ೨೦೨೩

ಪ್ರಿಯ ಸುಧಾ,

ನೀನು ಹೇಳಿದಂತೆಯೇ ಆಯಿತು. ಆದರೆ ಸುಲಭಕ್ಕೆ ಆಗಲಿಲ್ಲ.

ಕಂದಾಯದವರು ಬಂದ ದಿನ ಎಲ್ಲರೂ ಹುಣಸೆಮರದ ಕೆಳಗೆ ಸೇರಿದ್ದೆವು. ಕೊನೆ ಮನೆಯ ಪುಟ್ಟಮಾದಯ್ಯ ಒಬ್ಬರೇ ಹಟ ಹಿಡಿದರು. "ಮಾತು ಮಾತೇ, ಪತ್ರ ಪತ್ರನೇ ಕಣ್ಲಾ. ಮಾತೂ ಇರ್ಲಿ, ಪತ್ರನೂ ಇಸ್ಕೊಂಬುಡನ" ಅಂದರು. ಅವ್ವ ಅವರ ಮೇಲೆ ಎಗರಿಬಿದ್ದಳು. "ನಾಚ್ಕೆ ಆಗಲ್ವ ನಿಂಗೆ? ಸ್ವಾಮೇರು ಲಿಂಗ ಮುಟ್ಟಿ ಯೋಳವ್ರೆ. ಈಗ ಓಗಿ ಸರ್ಕಾರದವ್ರ ಮುಂದೆ ಕೈಯೊಡ್ಡುದ್ರೆ ಅವ್ರ ಮಾತ್ಗೆ ಉಗುದಂಗೆ ಆಯ್ತದೆ. ಸುಧಮ್ಮ ಬತ್ತಾಳೆ, ಮಾಡುಸ್ತಾಳೆ, ಸುಮ್ಕಿರು" ಅಂದಳು. ಪುಟ್ಟಮಾದಯ್ಯ ಬೀಡಿ ಹಚ್ಚಿಕೊಂಡು ಆ ಕಡೆ ತಿರುಗಿ ಕೂತರು.

ಬಂದಿದ್ದ ಅಧಿಕಾರಿ ಒಳ್ಳೆಯವರೇ. ಮತ್ತೆ ಮತ್ತೆ ಕೇಳಿದರು. ಕೊನೆಗೆ "ಬೇಡ ಅಂದ್ರೆ ಬೇಡ ಅಂತ ಬರ್ಕೊಡಿ, ನಾಳೆ ನಮ್ಮ ಮೇಲೆ ಬರಬಾರ್ದು" ಅಂದರು. ಬರೆದುಕೊಟ್ಟವನು ನಾನೇ. 'ಜಮೀನಿನ ಮಾಲೀಕರು ಪ್ರೀತಿಯಿಂದ ಕೊಟ್ಟಿರುವುದರಿಂದ ನಮಗೆ ಈ ಸೌಲಭ್ಯದ ಅಗತ್ಯವಿಲ್ಲ' ಅಂತ. ಎಲ್ಲರೂ ಸಹಿ ಹಾಕಿದರು, ಹೆಬ್ಬೆಟ್ಟು ಒತ್ತಿದರು.

ಅವತ್ತಿನಿಂದ ಪುಟ್ಟಮಾದಯ್ಯ ನನ್ನನ್ನು ಕಂಡಾಗಲೆಲ್ಲ "ದೀಪಾವಳಿ ಯಾವಾಗ್ಲಾ?" ಅಂತ ಕೇಳುತ್ತಾರೆ. ಬೇಗ ಬಾ ತಾಯಿ. ಈ ಮನುಷ್ಯನ ಬಾಯಿಯಿಂದ ನನ್ನನ್ನು ಬಿಡಿಸು.

ನಿಂಗರಾಜು


ಲಿಸ್ಬನ್
೨೦ ನವೆಂಬರ್ ೨೦೨೩

ಪ್ರಿಯ ನಿಂಗು,

ಬೈಯಬೇಡ. ಹಬ್ಬಕ್ಕೆ ಬರಲು ಟಿಕೆಟ್ ಕೂಡ ಮಾಡಿಸಿದ್ದೆ. ಕೊನೆ ಗಳಿಗೆಯಲ್ಲಿ ಇಲ್ಲಿನ ಸಮಾವೇಶಕ್ಕೆ ನಾನೇ ಬೇಕು ಅಂದರು. ಕೊಳೆಗೇರಿಯ ಜನರಿಗೆ ಜಾಗದ ಹಕ್ಕು ಕೊಡಿಸುವ ಒಪ್ಪಂದ, ಎಷ್ಟೋ ದೇಶಗಳ ಮಂತ್ರಿಗಳು ಬಂದಿದ್ದರು. ಬಿಟ್ಟು ಬರುವ ಹಾಗಿರಲಿಲ್ಲ.

ಬೇಲದಹುಂಡಿಯ ಮನೆಗಳ ಬಗ್ಗೆ ಪುಸ್ತಕ ಬಂದಿದೆ. ಲೈಬ್ರರಿಗೆ ಎರಡು ಪ್ರತಿ ಕಳಿಸಿದ್ದೇನೆ. ಒಳಗೆ ನಿನಗೊಂದು ಆಶ್ಚರ್ಯ ಇದೆ, ನೋಡು.

ಅಪ್ಪನ ಆರೋಗ್ಯ ಅಷ್ಟಕ್ಕಷ್ಟೇ ಅಂತ ತಮ್ಮ ಸಾಗರ್ ಫೋನಿನಲ್ಲಿ ಹೇಳಿದ. ಬೇಸಿಗೆಯಲ್ಲಿ ಖಂಡಿತ ಬರುತ್ತೇನೆ.

ಸುಧಾ


ಬೇಲದಹುಂಡಿ
೧೦ ಜನವರಿ ೨೦೨೪

ಪ್ರಿಯ ಸುಧಾ,

ಪುಸ್ತಕ ಬಂತು. ಅವ್ವನ ಫೋಟೊ ಮುಖಪುಟದಲ್ಲೇ ಇದೆ. ಹರಿದ ಕುಪ್ಪಸದ ಫೋಟೊನೇ ಬೇಕಾಗಿತ್ತಾ ಅಂತ ಮುನಿಸಿಕೊಂಡಿದ್ದಾಳೆ. ಟ್ರಂಕಿನಲ್ಲಿ ಒಳ್ಳೆಯ ಸೀರೆ ಇತ್ತಂತೆ, ಕೇಳಿದ್ದರೆ ಉಟ್ಟುಕೊಂಡು ನಿಲ್ಲುತ್ತಿದ್ದಳಂತೆ.

ನಿನ್ನ ಆಶ್ಚರ್ಯವನ್ನೂ ನೋಡಿದೆ. ನನ್ನ ಕಾಗದವನ್ನು ಇಂಗ್ಲಿಷಿಗೆ ತಿರುಗಿಸಿ ಅಚ್ಚು ಹಾಕಿಸಿದ್ದೀಯ. ಆನೆ ಇದೆ, ಜಗಲಿ ಇದೆ, ಸಗಣಿ ಸಾರಿಸಿದ ನೆಲ ಇದೆ. 'ಆದರೆ ಒಂದು ವಿಷಯ ಕೇಳಬೇಕು' ಅಂತ ಬರೆದಿದ್ದೆನಲ್ಲ, ಅಲ್ಲಿಂದ ಕೆಳಗಿನದು ಮಾತ್ರ ಇಲ್ಲ. ಅಲ್ಲಿಗೆ ನಿಲ್ಲಿಸಿ ನನ್ನ ಹೆಸರು ಹಾಕಿದ್ದಾರೆ. ಓದಿದವರು ಈ ನಿಂಗರಾಜು ಎಷ್ಟು ಸುಖವಾಗಿದ್ದಾನೆ ಅಂದುಕೊಳ್ಳುತ್ತಾರೆ. ಜಾಗ ಸಾಲಲಿಲ್ಲವೇನೋ. ನನಗೆ ಕೋಪ ಬಂತು ಅಂತ ಹೇಳಿಬಿಡುತ್ತೇನೆ, ಮುಚ್ಚಿಟ್ಟುಕೊಂಡು ಏನು ಮಾಡಲಿ?

ಹೋದ ವಾರ ಉಡಿಗಾಲಕ್ಕೆ ಹೋಗಿ ಸ್ವಾಮಿಯವರನ್ನು ನೋಡಿಕೊಂಡು ಬಂದೆ. ತೀರಾ ಇಳಿದುಹೋಗಿದ್ದಾರೆ. ನಾನು ಪತ್ರದ ಮಾತೆತ್ತಲಿಲ್ಲ, ಅವರೇ ಎತ್ತಿದರು. "ಮಗಳು ಬರ್ಲಿ ಕಣಪ್ಪ, ಅವಳು ಕಟ್ಟಿಸಿದ್ದು, ಅವಳ ಕೈಲೇ ಕೊಡಿಸ್ತೀನಿ" ಅಂದರು. ಪಕ್ಕದಲ್ಲಿ ನಿನ್ನ ತಮ್ಮ ಸಾಗರ್ ಮೊಬೈಲ್ ನೋಡುತ್ತಾ ನಿಂತಿದ್ದ. ಕಾಫಿ ತರಿಸಿಕೊಟ್ಟು ಮತ್ತೆ ಮೊಬೈಲಿಗೆ ತಿರುಗಿದ.

ಬೇಸಿಗೆಯವರೆಗೆ ಕಾಯಬೇಡ ಸುಧಾ.

ನಿಂಗರಾಜು


ಬೇಲದಹುಂಡಿ
೨ ಏಪ್ರಿಲ್ ೨೦೨೪

ಪ್ರಿಯ ಸುಧಾ,

ದುಃಖದಲ್ಲಿರುವವಳಿಗೆ ಏನು ಬರೆಯಲಿ? ಸ್ವಾಮಿಯವರ ಶಿವಗಣಾರಾಧನೆಗೆ ಹತ್ತೂ ಮನೆಯವರು ಬಂದಿದ್ದೆವು. ನೀನು ಒಳಗೆ ಹೆಂಗಸರ ನಡುವೆ ಕೂತಿದ್ದೆ. ಆ ಗದ್ದಲದಲ್ಲಿ ಮಾತಾಡಿಸುವುದು ಸರಿಯಲ್ಲ ಅಂತ ಊಟ ಮಾಡಿ ಬಂದುಬಿಟ್ಟೆವು. ಅವ್ವ ದಾರಿಯುದ್ದಕ್ಕೂ ಅತ್ತಳು. "ಅಂತ ಮನುಷ್ಯ ಇನ್ನ ಉಟ್ಟಲ್ಲ ಬುಡು" ಅಂದಳು.

ಮಾರನೆಯ ದಿನ ಲೈಬ್ರರಿ ಕೆಲಸಕ್ಕೆ ಗುಂಡ್ಲುಪೇಟೆಗೆ ಹೋಗಿದ್ದೆ. ಬಸ್ಸಿನ ಕಿಟಕಿಯಿಂದ ನೋಡುತ್ತೇನೆ, ಸಬ್‌ರಿಜಿಸ್ಟ್ರಾರ್ ಆಫೀಸಿನ ಮುಂದೆ ನೀನು! ಹೊಸ ಸೀರೆ, ಪಕ್ಕದಲ್ಲಿ ಸಾಗರ್, ಒಬ್ಬರು ವಕೀಲರು. ಇಳಿದು ಬರುವಷ್ಟರಲ್ಲಿ ಕಾರು ಹೊರಟುಹೋಗಿತ್ತು. ಅಪ್ಪನನ್ನು ಕಳೆದುಕೊಂಡ ಆ ನೋವಿನಲ್ಲೂ ನಮ್ಮ ಕೆಲಸ ಮರೆಯಲಿಲ್ಲವಲ್ಲ ಅಂತ ಕಾರು ಹೋದ ಕಡೆಗೆ ಕೈಮುಗಿದೆ.

ಊರಿಗೆ ಬಂದು ಎಲ್ಲರಿಗೂ ಹೇಳಿದೆ. ಪುಟ್ಟಮಾದಯ್ಯ ಮೊದಲ ಸಲ ಅವ್ವನ ಮುಂದೆ ತಲೆ ತಗ್ಗಿಸಿ, "ನಂದೇ ತಪ್ಪು ಕಣಮ್ಮ" ಅಂದರು. ಆ ಸಂಜೆ ಹತ್ತೂ ಮನೆಯಲ್ಲಿ ಪಾಯಸ. ನೀನು ಹೇಳದೆ ಹೋದದ್ದಕ್ಕೆ ಬೇಜಾರಿಲ್ಲ. ಪತ್ರ ಯಾವಾಗ ಕೈಗೆ ಸಿಗುತ್ತದೆ, ನಾವೇ ಹೋಗಿ ತರಬೇಕೋ, ಅಷ್ಟು ಮಾತ್ರ ತಿಳಿಸು.

ಈ ಋಣ ತೀರಿಸುವಂಥದ್ದಲ್ಲ.

ನಿಂಗರಾಜು


ನೈರೋಬಿ
೧೧ ಮೇ ೨೦೨೪

ಪ್ರಿಯ ನಿಂಗರಾಜು,

ನಿನ್ನ ಕಾಗದ ಓದಿದೆ. ಅಪ್ಪ ಇಲ್ಲ ಅನ್ನುವುದು ಇನ್ನೂ ತಲೆಗೆ ಇಳಿದಿಲ್ಲ. ಈಗ ಬೇರೆ ಏನನ್ನೂ ಬರೆಯುವ ಶಕ್ತಿಯಿಲ್ಲ.

ಜಮೀನಿನ ಕಾಗದಗಳೆಲ್ಲ ಸಾಗರ್ ಹತ್ತಿರ ಇವೆ. ಅಲ್ಲಿದ್ದು ಓಡಾಡುವವನು ಅವನೇ ಅಲ್ಲವೇ? ಅವನೊಂದಿಗೆ ಮಾತಾಡಿದ್ದೇನೆ. ಎಲ್ಲವನ್ನೂ ನೋಡಿಕೊಳ್ಳುತ್ತಾನೆ. ಸದ್ಯಕ್ಕೆ ಅವನನ್ನು ಅವಸರಪಡಿಸಬೇಡಿ.

ರಾಚಮ್ಮನವರಿಗೆ ನನ್ನ ನಮಸ್ಕಾರ. ಪಾಯಸದ ವಿಷಯ ಓದಿ ಅಳು ಬಂತು.

ಸುಧಾ


ಬೇಲದಹುಂಡಿ
೧೯ ಆಗಸ್ಟ್ ೨೦೨೪

ಸುಧಾ,

ಹೋದ ಸೋಮವಾರ ಯಾರೋ ಬಂದು ನಮ್ಮ ಹಿತ್ತಲಲ್ಲಿ ಸರಪಳಿ ಹಿಡಿದು ಅಳೆದು, ಮೂಲೆಗೆ ಕಲ್ಲು ನೆಟ್ಟರು. ಕೇಳಿದರೆ "ಓನರ್ ಹೇಳವ್ರೆ" ಅಂದರು. ನಾನು ಉಡಿಗಾಲಕ್ಕೆ ಓಡಿದೆ.

ಸಾಗರ್ ಜಗಲಿಯ ಮೇಲೆಯೇ ನಿಲ್ಲಿಸಿ ಮಾತಾಡಿದ. "ನೋಡು ನಿಂಗರಾಜು, ಅಕ್ಕ ತನ್ನ ಪಾಲಿನ ಹಕ್ಕೆಲ್ಲ ಬಿಡುಗಡೆ ಬರ್ಕೊಟ್ಟಾಯ್ತು. ಆ ಎರಡೆಕರೆನೂ ಅದ್ರಲ್ಲೇ ಸೇರ್ತು. ಈಗ ಎಲ್ಲ ನನ್ ಹೆಸರಲ್ಲಿದೆ" ಅಂದ. ಸ್ವಾಮಿಯವರ ಮಾತು ಏನಾಯಿತು ಅಂದೆ. "ಅಪ್ಪ ಆಡಿದ್ ಮಾತು ಅಪ್ಪನ್ ಜೊತೆಲೇ ಹೋಯ್ತು ಬುಡಪ್ಪ" ಅಂದು ಒಳಗೆ ಹೋದ.

ಹಾಗಾದರೆ ಅವತ್ತು ನಾನು ನೋಡಿದ್ದು ಅದನ್ನು. ನೀನು ಸಹಿ ಹಾಕಿ ಹೊರಗೆ ಬಂದದ್ದನ್ನು ನೋಡಿ ನಾನು ಊರಿಗೆಲ್ಲ ಪಾಯಸ ಮಾಡಿಸಿದೆ. ಅದನ್ನು ನಿನಗೆ ಬರೆದು ತಿಳಿಸಿಯೂ ಬಿಟ್ಟೆ. ನೀನು ಓದಿ, ಅತ್ತು, ಸುಮ್ಮನಾದೆ! ಇಲ್ಲ ನಿಂಗು, ನೀನು ತಪ್ಪು ತಿಳಿದಿದ್ದೀಯ ಅಂತ ಒಂದು ಸಾಲು ಬರೆಯಲು ನಿನ್ನ ಕೈಗೆ ಏನಾಗಿತ್ತು? ಅವತ್ತೇ ಗೊತ್ತಾಗಿದ್ದರೆ ಯಾರದಾದರೂ ಕಾಲು ಹಿಡಿದು ಪಟ್ಟಿಗೆ ಸೇರುತ್ತಿದ್ದೆವು. ಮೊನ್ನೆ ಹೋಗಿ ವಿಚಾರಿಸಿದೆ. ಪಟ್ಟಿ ಮುಗಿದುಹೋಗಿದೆಯಂತೆ. ಬೇಡ ಅಂತ ನಾವು ಬರೆದುಕೊಟ್ಟದ್ದನ್ನು ತೆಗೆದು ತೋರಿಸಿದರು.

ಅವ್ವನಿಗೆ ಇನ್ನೂ ಹೇಳಿಲ್ಲ. ಕಲ್ಲು ಯಾಕೆ ನೆಟ್ಟರು ಅಂತ ಕೇಳಿದರೆ ಪತ್ರಕ್ಕೆ ಅಳತೆ ಬೇಕಲ್ಲ ಅಂದಿದ್ದೇನೆ. ಸುಳ್ಳು ಹೇಳುವುದನ್ನು ನಾನೂ ಕಲಿತೆ.

ಏನಾದರೂ ಮಾಡು. ನಿನಗೆ ದೊಡ್ಡ ದೊಡ್ಡವರು ಗೊತ್ತು. ತಮ್ಮನಿಗೆ ಒಂದು ಮಾತು ಗಟ್ಟಿಯಾಗಿ ಹೇಳು.

ನಿಂಗರಾಜು


ನೈರೋಬಿ
೧೫ ಸೆಪ್ಟೆಂಬರ್ ೨೦೨೪

ನಿಂಗರಾಜು,

ನೀನು ಬರೆದ ರೀತಿಯಿಂದ ನನಗೆ ನೋವಾಯಿತು. ನಾನೇನು ನಿಮ್ಮನ್ನು ಬೀದಿಗೆ ತಳ್ಳಬೇಕು ಅಂತ ಗುಂಡ್ಲುಪೇಟೆಗೆ ಬಂದಿದ್ದೆನೇ?

ನಮ್ಮ ಮನೆಗಳಲ್ಲಿ ನಡೆಯುವುದೇ ಹೀಗೆ. ಹೆಣ್ಣುಮಕ್ಕಳಿಗೆ ಸೀರೆ ಉಡಿಸಿ, ಮಡಿಲಕ್ಕಿ ಹಾಕಿ, ತಮ್ಮನಿಗೆ ಬಿಡುಗಡೆ ಬರೆಸಿಕೊಳ್ಳುತ್ತಾರೆ. ಅವತ್ತು ಬೆಳಿಗ್ಗೆ ಚಿಕ್ಕಮ್ಮ ಮಡಿಲು ತುಂಬಿದಳು. ಅಮ್ಮ ಮೂಲೆಯಲ್ಲಿ ಕೂತು ಅಳುತ್ತಾ, "ಸೈನ್ ಹಾಕ್ದೆ ಇದ್ರೆ ನಾಳೆ ನಾನ್ ಸತ್ತಾಗ ಈ ಮನೆಗೆ ಯಾವ ಮುಖ ಇಟ್ಕೊಂಡ್ ಬತ್ತೀಯವ್ವ?" ಅಂದಳು. ಸಹಿ ಹಾಕಬೇಡಿ ಅಂತ ಇಲ್ಲಿನ ಹಳ್ಳಿಗಳಲ್ಲಿ ಹೆಣ್ಣುಮಕ್ಕಳಿಗೆ ಹೇಳಿಕೊಡುವವಳು ನಾನೇ, ಗೊತ್ತು. ಅವರ ಅಮ್ಮಂದಿರು ನನ್ನೆದುರು ಕೂತು ಅಳುವುದಿಲ್ಲ, ಅದಕ್ಕೇ ಹೇಳುವುದು ಸುಲಭ.

ಹತ್ತು ಮನೆಯ ಜಾಗ ಬಿಟ್ಟು ಮಿಕ್ಕಿದ್ದಕ್ಕೆ ಬರೆಯಿರಿ ಅಂತ ಅಲ್ಲಿ ಹೇಳಬೇಕು ಅಂದುಕೊಂಡಿದ್ದೆ. ವಕೀಲರು ಅಷ್ಟು ಹೊತ್ತಿಗೆ ಎಲ್ಲ ಬರೆಸಿಟ್ಟಿದ್ದರು. ಅಪ್ಪ ಹೋದ ದುಃಖ ಇನ್ನೂ ಮನೆಯಲ್ಲಿ ಆರಿರಲಿಲ್ಲ, ಅಲ್ಲಿ ನಿಂತು ಜಗಳ ಮಾಡಲೇ? ನಿನಗೆ ಅಕ್ಕತಂಗಿಯರಿಲ್ಲ, ತವರು ಅಂದರೆ ಏನು ಅಂತ ಅರ್ಥವಾಗುವುದಿಲ್ಲ.

ಸಾಗರ್ ಕೆಟ್ಟವನಲ್ಲ. ಅವನೊಂದಿಗೆ ಸಮಾಧಾನದಲ್ಲಿ ಮಾತಾಡುತ್ತೇನೆ. ನೀವು ಕೋರ್ಟು, ಪೊಲೀಸು ಅಂತ ಹೋಗಿ ಅವನನ್ನು ಕೆರಳಿಸಬೇಡಿ.

ಸುಧಾಮಣಿ


ನೈರೋಬಿ
೨೦ ಜನವರಿ ೨೦೨೫

ಪ್ರಿಯ ನಿಂಗು,

ಹೊಸ ವರ್ಷದ ಶುಭಾಶಯ. ಮುನಿಸು ಇನ್ನೂ ಇಳಿದಿಲ್ಲವೇ? ಒಳ್ಳೆಯ ಸುದ್ದಿ ಇದೆ. ಸಾಗರ್ ನನಗೆ ಮಾತು ಕೊಟ್ಟಿದ್ದಾನೆ, ನಾನು ಯಾರನ್ನೂ ಎಬ್ಬಿಸುವುದಿಲ್ಲ ಅಂತ. ಅಮ್ಮನ ಎದುರಿಗೇ ಹೇಳಿದ್ದಾನೆ. ಇನ್ನು ನಿಶ್ಚಿಂತೆಯಿಂದಿರಿ. ಎರಡು ಸಾಲಾದರೂ ಬರಿ.

ಸುಧಾ


ನೈರೋಬಿ
೩ ಸೆಪ್ಟೆಂಬರ್ ೨೦೨೫

ಪ್ರಿಯ ನಿಂಗು,

ವರ್ಷದ ಮೇಲಾಯಿತು, ನಿನ್ನಿಂದ ಒಂದು ಅಕ್ಷರ ಇಲ್ಲ. ಆಗಲಿ, ಎದುರಿಗೇ ಬಂದು ಬೈಸಿಕೊಳ್ಳುತ್ತೇನೆ.

ಅಕ್ಟೋಬರಿನಲ್ಲಿ ಮೈಸೂರಿನಲ್ಲಿ ನಮ್ಮ ಸಮಾವೇಶ. ಬೇರೆ ಬೇರೆ ದೇಶಗಳ ತಜ್ಞರು ಬರುತ್ತಿದ್ದಾರೆ. ಕಡಿಮೆ ಖರ್ಚಿನ ಮನೆ, ಭೂಮಿಯ ಹಕ್ಕು, ಪರಿಸರಕ್ಕೆ ಹೊಂದುವ ಕಟ್ಟಡ, ಇದಕ್ಕೇ ಬದುಕು ಸವೆಸಿದವರು. ಎಲ್ಲರಿಗೂ ಬೇಲದಹುಂಡಿ ನೋಡುವ ಆಸೆ. ಒಂದು ದಿನ ಪೂರ್ತಿ ನಿಮ್ಮೊಂದಿಗೆ. ರಾಚಮ್ಮನವರು ಒಂದೈದು ನಿಮಿಷ ಮಾತಾಡಬೇಕು, ಸ್ವಂತ ಮನೆ ತನಗೇನು ಕೊಟ್ಟಿತು ಅಂತ. ಅವರು ತಮ್ಮ ಭಾಷೆಯಲ್ಲೇ ಹೇಳಲಿ, ನಾನು ಅನುವಾದ ಮಾಡುತ್ತೇನೆ. ಈ ಸಲ ಟ್ರಂಕಿನ ಸೀರೆಯನ್ನೇ ಉಡಲಿ.

ರಾತ್ರಿ ತಂಗಲು ಸಂಘಟಕರು ಗೋಪಾಲಸ್ವಾಮಿ ಬೆಟ್ಟದ ಕಡೆ 'ಮೃತ್ತಿಕಾ' ಅಂತ ಒಂದು ಹೊಸ ರೆಸಾರ್ಟ್ ಹಿಡಿದಿದ್ದಾರೆ. ಅಲ್ಲಿರುವುದೂ ಮಣ್ಣಿನ ಇಟ್ಟಿಗೆಯ ಮನೆಗಳೇ ಅಂತೆ! ನಮ್ಮದನ್ನು ನೋಡಿ ಯಾರೋ ಕಾಪಿ ಹೊಡೆದಿರಬೇಕು. ನನಗೇನೂ ಬೇಜಾರಿಲ್ಲ, ಒಳ್ಳೆಯದು ಹರಡಲಿ. ನಿಮಗೆ ಹತ್ತಿರವೇ ಇರಬೇಕು, ಗೊತ್ತಿದ್ದರೆ ತಿಳಿಸು.

ನಿನ್ನ
ಸುಧಾ


ಗ್ರಾಮ ಪಂಚಾಯಿತಿ ಗ್ರಂಥಾಲಯ, ಬೇಲದಹುಂಡಿ
೨೮ ಸೆಪ್ಟೆಂಬರ್ ೨೦೨೫

ಸುಧಾಮಣಿ ಮೇಡಂ ಅವರಿಗೆ,

ನಮಸ್ಕಾರ. ನಿಮ್ಮ ಕಾಗದಗಳೆಲ್ಲ ಲೈಬ್ರರಿ ವಿಳಾಸಕ್ಕೆ ತಲುಪಿವೆ. ಉತ್ತರ ಬರೆಯದಿದ್ದದ್ದಕ್ಕೆ ಕ್ಷಮಿಸಿ. ನಿಮ್ಮ ವಿಳಾಸ ನನ್ನ ಹತ್ತಿರ ಇತ್ತು, ನಮ್ಮದೇ ಇರಲಿಲ್ಲ.

ಮೃತ್ತಿಕಾ ಗೊತ್ತು. ಯಾರೂ ಕಾಪಿ ಹೊಡೆದಿಲ್ಲ. ಅವು ನೀವು ಕಟ್ಟಿಸಿದ ಹತ್ತು ಮನೆಗಳೇ.

ಫೆಬ್ರವರಿಯಲ್ಲಿ ಸಾಗರ್ ಅವರು ಮಾರಿದರು. ನಿಮಗೆ ಕೊಟ್ಟ ಮಾತು ಮಾತ್ರ ಉಳಿಸಿಕೊಂಡರು. ಅವರು ಯಾರನ್ನೂ ಎಬ್ಬಿಸಲಿಲ್ಲ, ಕೊಂಡವರು ಎಬ್ಬಿಸಿದರು. ವಕೀಲರ ಹತ್ತಿರ ಹೋದೆವು. ಸರ್ಕಾರ ಮನೆ ಬಾಗಿಲಿಗೆ ಬಂದಾಗ ಬೇಡ ಅಂತ ಯಾವನ್ರೀ ಬರೆದುಕೊಟ್ಟವನು ಅಂತ ಅವರು ನನ್ನನ್ನೇ ಕೇಳಿದರು. ಪುಟ್ಟಮಾದಯ್ಯ ಗಂಟು ಕಟ್ಟಿಕೊಂಡು ಸಂತೆಮರಹಳ್ಳಿಯ ಮಗಳ ಮನೆಗೆ ಹೋದರು. ಒಂದು ಮಾತು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ನಾನು, ಅವ್ವ ಹಳೇ ಕಾಲೋನಿಯಲ್ಲಿ ಚಿಕ್ಕಪ್ಪನ ಮನೆ ಗೋಡೆಗೆ ಶೀಟು ಇಳಿಸಿಕೊಂಡಿದ್ದೇವೆ. ಮಧ್ಯಾಹ್ನ ಒಳಗೆ ಇರಲಾಗುವುದಿಲ್ಲ.

ನೀವು ಕಟ್ಟಿಸಿದ ಮನೆಗಳಿಗೆ ಏನೂ ಆಗಿಲ್ಲ. ಗಾರೆ ಹಚ್ಚಿಲ್ಲ, ಹೆಂಚು ಬದಲಾಯಿಸಿಲ್ಲ. ನೀವು ಬೇಕು ಅಂದ ಹಾಗೆಯೇ ಇಟ್ಟುಕೊಂಡಿದ್ದಾರೆ. ನಿಮ್ಮ ಪುಸ್ತಕದ ಮುಖಪುಟವನ್ನು ದೊಡ್ಡದಾಗಿ ಮಾಡಿಸಿ ಆಫೀಸಿನಲ್ಲಿ ಹಾಕಿದ್ದಾರೆ. ಗೋಡೆಯ ಮೇಲೆ ಇರುವ ಹೆಂಗಸೂ ಎದುರಿಗೆ ಪೊರಕೆ ಹಿಡಿದು ನಿಂತಿರುವವಳೂ ಒಬ್ಬಳೇ ಅಂತ ಇವತ್ತಿನವರೆಗೆ ಯಾರಿಗೂ ಹೊಳೆದಿಲ್ಲ.

ಹೌದು, ಅವ್ವ ಅಲ್ಲಿ ಕೆಲಸಕ್ಕೆ ಸೇರಿದ್ದಾಳೆ. ನಾನು ಬೇಡವೇ ಬೇಡ ಅಂದೆ, ಜಗಳವಾಡಿದೆ. "ಒಳಿಕ್ಕೆ ಓಗಕ್ಕೆ ಬೇರೆ ದಾರಿ ಯಾವ್ದಿದ್ದದು ಯೋಳು" ಅಂದಳು. ನೀವು ಬರುವ ದಿನವೂ ಅವಳಿಗೆ ರಜೆ ಇಲ್ಲ, ನಿಮ್ಮ ಅತಿಥಿಗಳ ಹಾಸಿಗೆ ಹಾಸಬೇಕು. ಐದು ನಿಮಿಷ ಮಾತಾಡಿಸಬೇಕಾದರೆ ಮ್ಯಾನೇಜರನ್ನು ಕೇಳಿ.

ಅವಳು ಏನು ಹೇಳಬಹುದು ಅಂತ ನನಗೆ ಗೊತ್ತಿಲ್ಲ. ಸೇರಿದ ದಿನ ನಡೆದದ್ದನ್ನು ಮಾತ್ರ ಹೇಳಬಲ್ಲೆ. ನಮ್ಮ ಮನೆಯ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ಅವ್ವ ಒಳಗೆ ಕಾಲಿಟ್ಟಳಂತೆ. ಮ್ಯಾನೇಜರ್ ಹುಡುಗ ಒಳ್ಳೆಯವನು. "ಚಪ್ಪಲಿ ಹಾಕ್ಕೊಂಡೇ ಹೋಗಜ್ಜಿ, ಇದೇನು ದೇವಸ್ಥಾನನಾ?" ಅಂದನಂತೆ.

"ನಮ್ಮನೆ ಕಣಪ್ಪ" ಅಂದಳಂತೆ ಅವ್ವ.

ಮುದುಕಿ ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡು ಅವನು ನಕ್ಕನಂತೆ. ಕೆಲಸ ಎಲ್ಲಿ ಹೋಗುತ್ತದೋ ಅಂತ ಅವ್ವನೂ ನಕ್ಕಳಂತೆ.

ಇಂತಿ,
ನಿಂಗರಾಜು